ಬ್ಯಾನರ್ ಮೇಲೆ ಬರೆಸಿದ ಕಾಯಿಲೆ

ಖಾದರ್ ಬಾಷಾ ತನ್ನ ತಂಗಿ ಫರೀದಾಗೆ ಒಂದು ಮಾತು ಬಾಕಿ ಉಳಿಸಿಕೊಂಡಿದ್ದ. ಹದಿನಾಲ್ಕು ತಿಂಗಳು ಉಳಿಸಿಕೊಂಡ. ಅದರಲ್ಲಿ ಅರ್ಧ ಬಾಕಿ ನನ್ನದು. ಹಾಗಾಗಿ ಇದನ್ನು ಬರೆಯಲು ನಾನೇ ಕೂತಿದ್ದೇನೆ.

ಖಾದರ್ ಯಶವಂತಪುರದ ಒಣಮೆಣಸಿನಕಾಯಿ ಮಂಡಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಮೂಟೆ ಹೊತ್ತವನು. ಮಾತು ಕಡಿಮೆ, ಬೆನ್ನು ಅಗಲ. ಆರ್.ಟಿ. ನಗರದ ಗಲ್ಲಿಯೊಂದರಲ್ಲಿ ಹೆಂಡತಿಯ ಜೊತೆ ಮನೆ, ಮಕ್ಕಳಿಲ್ಲ. ಒಡಹುಟ್ಟಿದವಳು ಫರೀದಾ ಒಬ್ಬಳೇ. ಆಕೆ ಚಿಕ್ಕಜಾಲದಲ್ಲಿ ಬ್ಲೌಸು, ಚೂಡಿದಾರ ಹೊಲಿಯುತ್ತಾಳೆ. ಹಮಾಲರ ಸಂಘಕ್ಕೆ ನಾನು ಕಾರ್ಯದರ್ಶಿ; ಯಾವ ಧರಣಿಗೆ ಕರೆದರೂ ಖಾದರ್ ಬಂದು ಮೊದಲ ಸಾಲಿನಲ್ಲಿ ಕೂರುತ್ತಿದ್ದ. ಪೊಲೀಸರು ವ್ಯಾನಿಗೆ ಹತ್ತಿಸುವಾಗ ಚಪ್ಪಲಿ ಕಳೆದುಕೊಳ್ಳದವನು ನಮ್ಮಲ್ಲಿ ಅವನೊಬ್ಬನೇ. ಮೊದಲೇ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದ.

ಮಂಡಿಯಲ್ಲಿ ಎಲ್ಲರೂ ಬರಿಮೈಯಲ್ಲಿ ಕೆಲಸ ಮಾಡುವವರು. ಒಂದು ಬೇಸಿಗೆಯಲ್ಲಿ ಖಾದರ್ ಟವೆಲನ್ನು ಎದೆಗೆ ಅಡ್ಡ ಕಟ್ಟಿಕೊಂಡು ಬರತೊಡಗಿದ.

"ಏನ್ ಬಾಷಾ, ಮದುಮಗಳ್ ತರ ಮುಚ್ಕೊಂಡಿದ್ಯ?" ಎಂದ ಮೇಸ್ತ್ರಿ ಮುನಿಗಂಗಪ್ಪ. "ಒಳಗೇನ್ ಮಡಗಿದ್ದೀಯ, ನಮಗೂ ಒಸಿ ತೋರ್ಸು ಮಗಾ!"

ಎಲ್ಲರೂ ನಕ್ಕರು. ನಾನೂ ನಕ್ಕೆ.

ಟವೆಲಿನ ಕೆಳಗೆ, ಎಡ ಮೊಲೆತೊಟ್ಟಿನ ಅಡಿ ಒಂದು ಗಂಟಿತ್ತು. ಮೂಟೆ ಒತ್ತಿ ಆಗಿದ್ದೆಂದುಕೊಂಡು ಒಂದು ವರ್ಷ ಎಣ್ಣೆ ತಿಕ್ಕಿದ್ದ. ಟವೆಲಿಗೆ ರಕ್ತ ಅಂಟಿದ ದಿನ ನನ್ನನ್ನು ಗೋಡೌನಿನ ಹಿಂದಕ್ಕೆ ಕರೆದು ತೋರಿಸಿದ.

ಹೆಬ್ಬಾಳದ ಕಡೆಯ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆ. ಸ್ತನದ ಕಾಯಿಲೆಯ ವಿಭಾಗದಲ್ಲಿ ಬೆಂಚುಗಳ ತುಂಬ ಹೆಂಗಸರು. ಅಟೆಂಡರ್ ಚೀಟಿ ನೋಡಿ, ನಮ್ಮಿಬ್ಬರನ್ನು ನೋಡಿ, "ಪೇಷೆಂಟ್ ಎಲ್ರೀ? ಅವರನ್ನ ಕರ್ಕೊಂಡ್ ಬನ್ನಿ" ಎಂದ. ಖಾದರ್ ನೆಲ ನೋಡುತ್ತ "ನಾನೇ" ಎಂದ. ಇಡೀ ಬೆಂಚು ತಿರುಗಿ ನೋಡಿತು. ಲಾಠಿ ತಿಂದಾಗಲೂ ಆ ಮುಖ ಅಷ್ಟು ಕುಗ್ಗಿದ್ದನ್ನು ನಾನು ಕಂಡಿರಲಿಲ್ಲ.

ಗಂಡಸಿಗೂ ಸ್ತನದ ಕ್ಯಾನ್ಸರ್ ಬರುತ್ತದೆ, ಅಪರೂಪಕ್ಕೆ. ಅವನಿಗೆ ಬಂದಿತ್ತು. ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡ. "ಅಣ್ಣಾ, ಇದು ಮಂಡೀಲಿ ಗೊತ್ತಾದ್ರೆ ನಾನ್ ಮತ್ತೆ ಅಲ್ಲಿ ಕಾಲಿಡಲ್ಲ. ಯಾರ್ ಕೇಳಿದ್ರೂ ಲಂಗ್ಸ್ ಅಂದ್ಬಿಡಿ. ಫರೀದಾಗೂ ಅಷ್ಟೇ."

ಕೇಳಿದವರಿಗೆ ನಾನು ಅಷ್ಟು ಹೇಳಿ ಸುಮ್ಮನಿದ್ದಿದ್ದರೆ ಒಂದೇ ತಪ್ಪಾಗುತ್ತಿತ್ತು. ನಾನು ಅದನ್ನು ಬ್ಯಾನರ್ ಮಾಡಿಸಿದೆ. ಮೆಣಸಿನಕಾಯಿ ಧೂಳಿಗೆ ಮಾಸ್ಕ್ ಕೊಡಿ ಎಂದು ಎಂಟು ವರ್ಷದಿಂದ ಕೇಳುತ್ತಿದ್ದೆವು. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಕೈಗೊಬ್ಬ ರೋಗಿ ಸಿಕ್ಕಿದ್ದ. 'ಮಂಡಿ ಧೂಳಿಗೆ ಖಾದರ್ ಬಾಷಾ ಶ್ವಾಸಕೋಶ ಬಲಿ' ಎಂದು ಕೆಂಪಕ್ಷರದಲ್ಲಿ ಬರೆಸಿ, ಅವನ ಫೋಟೊ ಹಾಕಿಸಿ, ಗೇಟಿನೆದುರು ಕೂತೆವು. ಪೇಪರಿನಲ್ಲಿ ಬಂತು. ಮೂರನೆಯ ದಿನಕ್ಕೆ ಮಾಸ್ಕೂ ಬಂದವು. ಬೇಡಿಕೆ ನ್ಯಾಯದ್ದೇ. ಬ್ಯಾನರ್ ಸುಳ್ಳು.

ಆಪರೇಷನ್ ಆಯಿತು. ಅಷ್ಟರಲ್ಲಿ ಕಾಯಿಲೆ ಮೂಳೆಗೂ ಇಳಿದಿತ್ತು. ಯಾವ ಔಷಧಿ ನಾಟುತ್ತದೆಂದು ತಿಳಿಯಲು ರಕ್ತ ತೆಗೆದು ಜೀನ್ ಪರೀಕ್ಷೆಗೆ ಕಳಿಸಿದರು. ವರದಿ ಬಂದಾಗ ನಮ್ಮೆದುರು ಕೂತವಳು ಸ್ಮಿತಾ, ಧಾರವಾಡದ ಕಡೆಯ ಹುಡುಗಿ. ಇಂಥ ವರದಿಗಳನ್ನು ರೋಗಿಗಳಿಗೆ ಬಿಡಿಸಿ ಹೇಳುವುದೇ ಅವಳ ಕೆಲಸ. ಮೊದಲು ಖಾದರ್‌ನ ಕಸುಬು ಕೇಳಿದಳು. ಮೂಟೆ ಹರಿದರೆ ಏನು ಮಾಡುತ್ತೀರಿ ಎಂದಳು. ದಬ್ಬಣ ಹಿಡಿದು ಹೊಲಿಯುವವರು ಇಬ್ಬರಿದ್ದಾರೆ ಎಂದ ಅವನು.

"ಹಂಗಽ ನಿಮ್ಮ ಮೈಯಾಗೂ ಹೊಲಿಯೋರು ಅದಾರ್ರೀ. ಜೀವಕೋಶದಾಗ ಏನರ ಹರಿದ್ರ ಕೂಡಸೋರು. ಅದರಾಗ ಬಿಆರ್‌ಸಿಎ-ಎರಡು ಅನ್ನೋ ಜೀನು ನಿಮಗ ಹುಟ್ಟಿದಾಗಿಂದ ಕೆಟ್ಟದ. ಹಿಂಗಾಗಿ ನಿಮ್ಮ ಕ್ಯಾನ್ಸರ್ ಗಡ್ಡಿಯೊಳಗ ಒಬ್ಬ ಹೊಲಿಯಾಂವ ಇಲ್ಲಽ ಇಲ್ಲ. ಇನ್ನೊಬ್ಬನ ಮ್ಯಾಲೆ ಅದರ ಜೀವ ನಡದದ. ಈಗ ಡಾಕ್ಟರ್ ಕೊಡೋ ಗುಳಗಿ ಆ ಇನ್ನೊಬ್ಬನ ಕೈ ಕಟ್ಟತದ. ಗಡ್ಡಿ ಹರಕೊಂಡು ಸಾಯ್ತದ. ಎಲ್ಲಾರಿಗೂ ಇದು ನಾಟಂಗಿಲ್ಲ. ನಿಮಗ ನಾಟೋ ಸಾಧ್ಯತಾ ಭಾಳ ಅದ."

ಆಸ್ಪತ್ರೆಯ ಬಾಗಿಲು ಹೊಕ್ಕ ಮೇಲೆ ಖಾದರ್ ಮೊದಲ ಸಲ ತಲೆ ಎತ್ತಿದ.

ಆಮೇಲೆ ಸ್ಮಿತಾ ಹಾಳೆಯ ಮೇಲೆ ಅವನ ಮನೆತನದ ನಕ್ಷೆ ಬರೆದಳು. "ಇದು ಅಪ್ಪ ಇಲ್ಲಾ ಅವ್ವನ ಕಡಿಂದ ಬಂದಿರತದ. ನಿಮ್ಮ ತಾಯಿ ಹೆಂಗ ತೀರ್ಕೊಂಡ್ರು?"

"ಕಾಮಾಲೆ," ಎಂದ. ಮನೆಯಲ್ಲಿ ಅವನಿಗೆ ಹಾಗೆಯೇ ಹೇಳಿದ್ದರು.

"ತಂಗಿಗೂ ಇರೋ ಸಾಧ್ಯತಾ ಅರ್ಧಕ್ಕರ್ಧ. ಕರಕೊಂಡು ಬರ್ರಿ. ಇದ್ರ ವರ್ಷಾ ವರ್ಷಾ ಸ್ಕ್ಯಾನ್ ಮಾಡಿ ಕಣ್ಣಿಡಬಹುದು. ಆಕಿ ಬೇಕಂದ್ರ ಕಾಯಿಲೆ ಬರೋಕಿಂತ ಮೊದಲಽ ಆಪರೇಷನ್ ಮಾಡಿಸಬಹುದು. ತಡಾ ಮಾಡಬ್ಯಾಡ್ರಿ." ಫರೀದಾಗೆ ಕೊಡಲು ಒಂದು ಪತ್ರವನ್ನೂ ಬರೆದುಕೊಟ್ಟಳು.

ಆ ಪತ್ರವನ್ನು ಖಾದರ್ ಮನೆಗೆ ಒಯ್ಯಲಿಲ್ಲ. ಸಂಘದ ಆಫೀಸಿನ ಬೀರುವಿನಲ್ಲಿ, ಮಡಿಸಿಟ್ಟ ಬ್ಯಾನರಿನ ಕೆಳಗೆ ತಳ್ಳಿದ. ಬೀರುವಿನ ಬೀಗದ ಕೈ ನನ್ನ ಹತ್ತಿರ ಇತ್ತು. ಪತ್ರ ಕೊಟ್ಟರೆ ಶ್ವಾಸಕೋಶದ ಕತೆ ಬಯಲಾಗುತ್ತದೆ. ಅವನ ಮಾನ ಹೋಗುತ್ತದೆ, ಸಂಘದ್ದೂ ಹೋಗುತ್ತದೆ. ಸ್ಮಿತಾ ಫೋನ್ ಮಾಡಿದಾಗಲೆಲ್ಲ "ಹಬ್ಬ ಮುಗೀಲಿ ಮೇಡಂ, ಕರ್ಕೊಂಡ್ ಬರ್ತೀವಿ" ಎನ್ನುತ್ತಿದ್ದೆ. ಯಾವ ಹಬ್ಬವೆಂದು ಅವಳೂ ಕೇಳಲಿಲ್ಲ. ಇತ್ತ ಗುಳಿಗೆ ನಾಟಿತು. ಖಾದರ್ ಚೇತರಿಸಿಕೊಂಡು ಮಂಡಿಯಲ್ಲಿ ತೂಕದ ಚೀಟಿ ಬರೆಯಲು ಕೂತ. ಪತ್ರ ಬೀರುವಿನಲ್ಲೇ ಇತ್ತು.

ನಾಲ್ಕನೆಯ ಸಲ ಸ್ಮಿತಾ ಬೇರೆ ದನಿಯಲ್ಲಿ ಮಾತಾಡಿದಳು. "ಸರ, ನೀವು ಸಂಘದವರು ಅಂತೀರಿ. ತನ್ನ ಮೈಯಾಗ ಏನದ ಅಂತ ತಿಳ್ಕೊಳ್ಳೋ ಹಕ್ಕು ಆ ಹೆಣ್ಮಗಳಿಗೆ ಇಲ್ಲೇನ್ರಿ?"

ಹಕ್ಕು ಎಂಬ ಪದವನ್ನು ನಲವತ್ತು ವರ್ಷ ಮೈಕಿನಲ್ಲಿ ಕೂಗಿದವನು ನಾನು. ಫೋನಿಟ್ಟು ಬೀರು ತೆಗೆದೆ. ಪತ್ರವನ್ನು ಖಾದರ್ ಕೈಗಿಟ್ಟು, ಅವನನ್ನು ಕರೆದುಕೊಂಡು ಹೊರಟೆ.

ಚಿಕ್ಕಜಾಲದಲ್ಲಿ ಫರೀದಾ ಹೊಲಿಗೆ ಮೆಷೀನಿನ ಮುಂದೆ ಕೂತಿದ್ದಳು. ಖಾದರ್ ಅಂಗಿಯ ಗುಂಡಿ ಬಿಚ್ಚಿ ಎಡಗಡೆಯ ಹೊಲಿಗೆಯ ಗೆರೆ ತೋರಿಸಿದ. ಮೆಷೀನ್ ನಿಂತಿತು. ಆಮೇಲೆ ಪತ್ರ ಕೈಗಿಟ್ಟು ಅವರ ಮನೆಮಾತು ದಖ್ಖನಿ ಉರ್ದುವಿನಲ್ಲಿ ಎಲ್ಲ ಹೇಳಿದ. ಅವಳು ಉತ್ತರ ಕೊಟ್ಟಿದ್ದು ಕನ್ನಡದಲ್ಲಿ, ನನಗೂ ಕೇಳಲೆಂದು.

"ಅಮ್ಮಿಗೂ ಇದೇ ಆಗಿದ್ದು, ಭಾಯ್. ಕಾಮಾಲೆ ಅಲ್ಲ. ಮಯ್ಯತ್ ತೊಳೆಯೋವಾಗ ಖಾಲಾ ಜೊತೆ ನಾನೂ ಇದ್ದೆ. ನಂಗಾಗ ಹತ್ತೊಂಬತ್ತು. ಒಂದ್ ಕಡೆ ಎದೆ ಪೂರಾ ಹುಣ್ಣಾಗ್ಬಿಟ್ಟಿತ್ತು. ಗಂಡಸ್ರಿಗೆ ಹೇಳ್ಬೇಡ, ಅಮ್ಮಿ ಮಾನ ಹೋಗುತ್ತೆ ಅಂತ ಖಾಲಾ ಆಣೆ ಹಾಕ್ಸಿದ್ರು."

ಖಾಲಾ ಎಂದರೆ ತಾಯಿಯ ಒಡಹುಟ್ಟಿದವಳು. ಅವರಲ್ಲಿ ತೀರಿಕೊಂಡ ಹೆಂಗಸಿನ ಮೈ ತೊಳೆಯುವವರು ಹೆಂಗಸರೇ. ಮಗನ ಕಣ್ಣಿಗೆ ಬೀಳುವಷ್ಟರಲ್ಲಿ ಬಿಳಿ ಬಟ್ಟೆ ಸುತ್ತಿ ಆಗಿತ್ತು.

"ನಂಗ್ಯಾಕೆ ಹೇಳ್ಲಿಲ್ಲ ನೀನು?" ಎಂದ ಖಾದರ್.

"ನೀವ್ಯಾಕೆ ಹೇಳ್ಲಿಲ್ಲ? ಎದೇಲಿ ಗಂಟು ಅಂತ ಒಂದ್ ಮಾತ್ ಕಿವಿಗೆ ಬಿದ್ದಿದ್ರೆ ಆವತ್ತೇ ಆಸ್ಪತ್ರೆಗೆ ಓಡ್ತಿದ್ದೆ. ಪೇಪರಲ್ಲಿ ಲಂಗ್ಸ್ ಅಂತ ಬಂದಿತ್ತು. ಸದ್ಯ, ಅಮ್ಮಿದಲ್ಲ ಅಂತ ದುವಾ ಮಾಡ್ದೆ." ನನ್ನ ಕಡೆ ತಿರುಗಿದಳು. "ಆ ಬ್ಯಾನರ್ ಬರ್ಸಿದ್ದು ನೀವೇ ಅಲ್ವಾ ಅಣ್ಣಾ?"

ಹೌದು ಎಂದೆ. ಆ ದಿನ ಅವಳ ಮನೆಯಲ್ಲಿ ನನಗೆ ಟೀ ಸಿಗಲಿಲ್ಲ.

ಫರೀದಾಗೂ ಆ ಕೆಟ್ಟ ಜೀನ್ ಇತ್ತು. ಸ್ಕ್ಯಾನಿನಲ್ಲಿ ಗಡ್ಡೆಯೂ ಸಿಕ್ಕಿತು, ದೊಡ್ಡ ಕಡಲೆಕಾಳಿನಷ್ಟು; ಕಂಕುಳಿಗೆ ದಾಟಿತ್ತು. ಹದಿನಾಲ್ಕು ತಿಂಗಳ ಹಿಂದೆ ಬಂದಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರನ್ನು ಕೇಳಿದೆ. "ಖಚಿತವಾಗಿ ಹೇಳೋಕಾಗಲ್ಲ. ಬಹುಶಃ ಇಷ್ಟು ಆಗ್ತಿರ್ಲಿಲ್ಲ" ಎಂದರು. ಆ ಬಹುಶಃದಿಂದ ತಪ್ಪಿಸಿಕೊಳ್ಳುವ ದಾರಿ ನನಗೆ ಇನ್ನೂ ಸಿಕ್ಕಿಲ್ಲ. ಅವಳಿಗೀಗ ಕೀಮೋ ನಡೆಯುತ್ತಿದೆ, ಕೂದಲು ಹೋಗಿದೆ. ಇಪ್ಪತ್ತಮೂರರ ಮಗಳು ಸುಮೈರಾ ಯಾರಾದರೂ ಕರೆದೊಯ್ಯಲೆಂದು ಕಾಯಲಿಲ್ಲ; ತಾನೇ ಹೋಗಿ ರಕ್ತ ಕೊಟ್ಟು ಬಂದು ವರದಿಗೆ ಕಾಯುತ್ತಿದ್ದಾಳೆ.

ಹೋದ ತಿಂಗಳು ಸಂಘದ ಸಭೆಯಲ್ಲಿ, ಬ್ಯಾನರ್ ಸುಳ್ಳು, ಬರೆಸಿದವನು ನಾನು ಎಂದೆ. ಖಾದರ್ ಎದ್ದು ನಿಂತು, "ನಂಗಾಗಿದ್ದು ಮೊಲೆ ಕ್ಯಾನ್ಸರ್" ಎಂದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ಯಾವನ್ಲಾ ನಗೋನು?" ಎಂದು ಮುನಿಗಂಗಪ್ಪ ಗದರಿದ. ಸಭೆ ಮುಗಿದ ಮೇಲೆ ಮುನಿಗಂಗಪ್ಪ ಒಬ್ಬನೇ ಬಂದು, ಆ ಧಾರವಾಡದ ಮೇಡಂ ನಂಬರ್ ಕೊಡಿ ಎಂದ. ಯಾರಿಗೆ ಎಂದು ಕೇಳಿದೆ. ನಂಬರಿನ ಚೀಟಿ ಮಡಿಸಿಕೊಂಡು ಹೊರಟುಬಿಟ್ಟ.

ಈಗ ನೀವು ಹೇಳಿ. ನಿಮ್ಮ ತಾಯಿ, ಅಜ್ಜಿ, ಸೋದರತ್ತೆ ಯಾವ ಕಾಯಿಲೆಯಿಂದ ತೀರಿಕೊಂಡರು? ಗೊತ್ತು ಎನ್ನಬೇಡಿ, ಖಾದರ್‌ಗೂ ಗೊತ್ತಿತ್ತು. ಅವರ ಮೈ ತೊಳೆದವರು ಬದುಕಿದ್ದರೆ ಇವತ್ತೇ ಹೋಗಿ ಕೇಳಿ. ಕೇಳಿದ್ದನ್ನು, ಕಾಯಿಲೆಯ ಹೆಸರು ನುಂಗದೆ, ನಿಮ್ಮ ಅಕ್ಕತಂಗಿಯರಿಗೂ ಅಣ್ಣತಮ್ಮಂದಿರಿಗೂ ಈ ವಾರದೊಳಗೆ ಹೇಳಿ.