ಒಂದೇ ಅಕ್ಷರ ಬಲ್ಲ ಹೀರಾಬಾಯಿ

ಸೇಡಂನ ಹೊಳೆದಂಡೆಯ ಓಣಿಯಲ್ಲಿ ಆಕೆಗೆ ಮೊದಲಿದ್ದ ಹೆಸರು ಡಬ್ಬಿ ಹೀರಾಬಾಯಿ. ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯೊಂದರಲ್ಲಿ ಮನೆಮಂದಿ ತಿಂದು ಉಳಿಸಿದ ಗುಳಿಗೆಗಳನ್ನೆಲ್ಲ ಆಕೆ ಕೂಡಿಡುತ್ತಿದ್ದಳು. ಗಂಡನ ಹಲ್ಲುನೋವಿನದು ಮೂರು, ಮೈದುನನ ಕೆಮ್ಮಿನದು ಎರಡು. ಜ್ವರ ಬಿಟ್ಟ ಕೂಡಲೇ ಗುಳಿಗೆ ನಿಲ್ಲಿಸುವುದು, ಉಳಿದದ್ದನ್ನು ಇನ್ನೊಬ್ಬರ ಕಷ್ಟಕ್ಕೆ ಎತ್ತಿಡುವುದು ಆಕೆಯ ಪಾಲಿಗೆ ಜಾಣತನವೂ ಹೌದು, ಪುಣ್ಯವೂ ಹೌದು. ಓದು ಬಾರದಿದ್ದರೇನಂತೆ, ಬಣ್ಣ ನೋಡಿಯೇ ಕೊಡುತ್ತಿದ್ದಳು. ಪಕ್ಕದ ಮನೆಯ ಖುರ್ಷಿದಬೇಗಂ ದವಾಖಾನೆಗಿಂತ ಮೊದಲು ಈ ಬಾಗಿಲನ್ನೇ ಬಡಿಯುತ್ತಿದ್ದಳು.

ಎರಡು ವರ್ಷದ ಹಿಂದೆ ಮಗಳು ಚಂದ್ರಕಲಾ ಬಾಣಂತನಕ್ಕೆ ಬಂದಳು. ಹೊಟ್ಟೆ ಕೊಯ್ದು ಮಾಡಿಸಿದ ಚೊಚ್ಚಲ ಹೆರಿಗೆ. ಹತ್ತನೇ ದಿನ ಹೊಲಿಗೆಯಲ್ಲಿ ಕೀವು ಕಂಡಿತು. ಹೀರಾಬಾಯಿ ಡಬ್ಬಿ ತೆಗೆದಳು. ಮೂರು ದಿನ ಕೆಂಪು ಗುಳಿಗೆ, ಎರಡು ದಿನ ಹಳದಿ. ಕಲಬುರಗಿಯ ದೊಡ್ಡ ದವಾಖಾನೆ ಮುಟ್ಟುವಷ್ಟರಲ್ಲಿ ನಂಜು ಗರ್ಭಕೋಶಕ್ಕೆ ಇಳಿದಿತ್ತು. ಅಲ್ಲಿನ ಡಾಕ್ಟರಮ್ಮ ಕೀವಿನ ತಪಾಸಣೆಯ ಕಾಗದ ತೋರಿಸಿದಳು. ಸಾಲಾಗಿ ಔಷಧಿಗಳ ಹೆಸರು, ಹೆಚ್ಚುಕಡಿಮೆ ಎಲ್ಲದರ ಮುಂದೆಯೂ ಒಂದೇ ಇಂಗ್ಲಿಷ್ ಅಕ್ಷರ.

"ಇದು ಆರ್ ಅಂತ, ಅಮ್ಮಾ. ಈ ಔಷಧಕ್ಕ ಹುಳ ಸಾಯಂಗಿಲ್ಲ. ಮಂದಿ ಹೆಂಗಂದ್ರ ಹಂಗ ಗುಳಗಿ ನುಂಗಿ ನುಂಗಿ ಹುಳಾನೇ ಗಟ್ಟಿ ಆಗ್ಯಾವ."

ಚಂದ್ರಕಲಾ ಬದುಕಿದಳು. ಇಪ್ಪತ್ತಾರು ದಿನದ ಮೇಲೆ ಗರ್ಭಕೋಶ ಕಳೆದುಕೊಂಡು, ಎದೆಹಾಲು ಬತ್ತಿಸಿಕೊಂಡು ಮನೆಗೆ ಬಂದಾಗ ಆಕೆಗೆ ಬರೀ ಇಪ್ಪತ್ತೆರಡು ವರ್ಷ. ಹೀರಾಬಾಯಿಯನ್ನು ಯಾರೂ ಬೈಯಲಿಲ್ಲ. ಅದನ್ನೇ ಆಕೆಗೆ ತಡೆದುಕೊಳ್ಳಲಾಗಲಿಲ್ಲ. ಡಬ್ಬಿಯಲ್ಲಿದ್ದ ಗುಳಿಗೆಗಳನ್ನು ಒಯ್ದು ದವಾಖಾನೆಯವರಿಗೇ ಒಪ್ಪಿಸಿದಳು. ಆ ಅಕ್ಷರವನ್ನು ಮಾತ್ರ ಇಟ್ಟುಕೊಂಡಳು.

ಈ ಶ್ರಾವಣದಲ್ಲಿ ಸೊಸೆ ನಾಗರತ್ನಾಗೆ ಆರು ತಿಂಗಳು. ಒಂದು ಬೆಳಿಗ್ಗೆ ಉರಿಮೂತ್ರ, ಜೊತೆಗೆ ಮೈ ಬಿಸಿ. ಮಗ ಉದಯಕುಮಾರ ಮಾಣಿಕಪ್ಪನ ಔಷಧಿ ಅಂಗಡಿಗೆ ಓಡಿ ಪಟ್ಟಿಯಿಂದ ನಾಲ್ಕು ಗುಳಿಗೆ ಕತ್ತರಿಸಿಕೊಂಡು ಬಂದ. ನಾಗರತ್ನಾ ಬಾಯಿಗೆ ಹಾಕಿಕೊಳ್ಳಬೇಕು, ಅಷ್ಟರಲ್ಲಿ ಅತ್ತೆ ಕೈಯಿಂದ ಕಸಿದುಕೊಂಡಳು.

"ಮೊದಲ ಶೀಶಿ, ಆಮ್ಯಾಲ ಗುಳಗಿ! ಶೀಶ್ಯಾಗ ಮೂತ್ರ ಹಿಡದು ತಪಾಸಣಿಗಿ ಕೊಡೋತನ ಒಂದೂ ನುಂಗಬ್ಯಾಡ. ಈಗಿಂದೀಗ ದವಾಖಾನಿಗಿ ನಡಿ."

"ಯವ್ವಾ, ಸಾದಾ ಉರಿ ಅದ. ನೀ ಏನ್ ಡಾಕ್ಟರ ಇದ್ದೀಯೇನು?" ಉದಯಕುಮಾರ ರೇಗಿದ.

"ಡಾಕ್ಟರ ಇದ್ದಿದ್ರ ನಿನ್ನ ತಂಗಿ ಹೊಟ್ಟಿ ಹಾಳ ಮಾಡ್ತಿದ್ದಿಲ್ಲೋ! ಆಟೋ ತರ್ತೀಯೋ, ನಾನೇ ನಡಸ್ಕೊಂಡು ಹೋಗ್ಲೋ?"

ಅವನು ಗೊಣಗುತ್ತಲೇ ಆಟೋ ತಂದ.

ದವಾಖಾನೆಯಲ್ಲಿ ಮೊದಲು ಶೀಶೆಗೆ ಮೂತ್ರ ಹಿಡಿದು ತಪಾಸಣೆಗೆ ಕಳಿಸಿದರು, ಆಮೇಲೆ ಇಂಜೆಕ್ಷನ್ ಶುರು ಮಾಡಿ ಸೊಸೆಯನ್ನು ಅಲ್ಲೇ ಮಲಗಿಸಿಕೊಂಡರು. ಮೂರನೇ ದಿನ ಕಾಗದ ಬಂತು. ಹೀರಾಬಾಯಿ ಬೆರಳಿಟ್ಟು ಕೆಳಗಿಳಿದಳು. ಆರ್. ಆರ್. ಮತ್ತೆ ಆರ್. ಸೆರಗಿನಲ್ಲಿ ಗಂಟು ಹಾಕಿಕೊಂಡಿದ್ದ ಆ ನಾಲ್ಕು ಗುಳಿಗೆ ಬಿಚ್ಚಿ ಕೇಳಿದಳು, "ಇದರ ಹೆಸರು ಎಲ್ಲ್ಯದ್ರಿ?" ಡಾಕ್ಟರು ತೋರಿಸಿದ ಸಾಲಿನಲ್ಲೂ ಆರ್ ಇತ್ತು. ಗೆದ್ದೆ ಎಂದು ಬೀಗದೆ ಆಕೆ ಆ ನಾಲ್ಕನ್ನೂ ಡಾಕ್ಟರ ಮೇಜಿನ ಮೇಲಿಟ್ಟು ಮತ್ತೆ ಕಾಗದಕ್ಕೆ ಬೆರಳಿಟ್ಟಳು.

ಕೆಳಗೆ ಇನ್ನೊಂದು ಅಕ್ಷರವಿತ್ತು, ಹಾವಿನಂತೆ ಡೊಂಕು.

"ಇದು ಎಸ್ ಅಮ್ಮಾ. ಈ ಔಷಧ ನಡೀತದ. ಏಳು ದಿನ, ಒಂದೂ ತಪ್ಪಸಬ್ಯಾಡ್ರಿ."

ಚೀಟಿ ಹಿಡಿದು ಆಕೆ ನೆಟ್ಟಗೆ ಮಾಣಿಕಪ್ಪನ ಅಂಗಡಿಗೇ ಹೋದಳು. ಅವನು ಕೆಟ್ಟವನಲ್ಲ, ಕೈರೂಢಿ ಕೆಟ್ಟದ್ದು. ಗುಳಿಗೆಯ ಪಟ್ಟಿ ತೆಗೆದವನೇ ಕತ್ತರಿಗೆ ಕೈ ಹಾಕಿದ.

"ಅಕ್ಕಾರ, ಸದ್ಯ ನಾಕ ಒಯ್ರಿ. ಆರಾಮ ಆದ್ರ ಉಳದಿದ್ದು ಸುಮ್ನ ದಂಡ ಆಗ್ತಾವ."

ಹೀರಾಬಾಯಿ ಪಟ್ಟಿಯ ಮೇಲೆ ಅಂಗೈ ಊರಿದಳು. ಅಂಗಡಿ ಮುಂದೆ ನಿಂತವರೆಲ್ಲ ತಿರುಗಿ ನೋಡುವಂತೆ ಹೇಳಿದಳು:

"ನನ್ನ ಮಗಳ ಹೊಟ್ಟ್ಯಾಗ ಕತ್ತರಿ ಆಡ್ಯಾದ ಮಾಣಿಕಪ್ಪಾ. ಅಷ್ಟ ಸಾಕು. ಇದಕ್ಕ ಆಡಸಬ್ಯಾಡ್ರಿ. ಪೂರಾ ಕೊಡ್ರಿ."

ಮಾಣಿಕಪ್ಪ ಕತ್ತರಿಯನ್ನು ಒಳಗಿಟ್ಟ. ಏಳನೇ ದಿನ ನಾಗರತ್ನಾ ಕೊನೆಯ ಗುಳಿಗೆ ನುಂಗಿದ ಮೇಲೆ ಮನೆಯಲ್ಲಿ ಎತ್ತಿಡಲು ಒಂದೂ ಉಳಿದಿರಲಿಲ್ಲ.