ಗಣೇಶನ ತಲೆ ಮೇಲೆ ಹಲ್ಲಿ

ಮದುವೆ ಪತ್ರಿಕೆ ಮಾಡಿಸಲು ಮನೆಮಂದಿಯೆಲ್ಲ ಹೊಸ ಬಟ್ಟೆ ಉಟ್ಟು ಪೇಟೆಗೆ ಬರುತ್ತಿದ್ದ ಕಾಲವದು. ಮಂಡ್ಯದಲ್ಲಿ ಅಪ್ಪನದೊಂದು ಪತ್ರಿಕೆ ಅಂಗಡಿಯಿತ್ತು. ಬೇಸಿಗೆ ರಜೆಯೂ ಮದುವೆ ಸುಗ್ಗಿಯೂ ಒಟ್ಟಿಗೇ ಬರುತ್ತಿದ್ದರಿಂದ ನಾನೂ ಅಕ್ಕ ಲತಾಳೂ ಅಲ್ಲೇ ಠಿಕಾಣಿ ಹೂಡುತ್ತಿದ್ದೆವು. ಒಳಗೆ ಶಾಯಿಯ ಘಾಟು, ಪಕ್ಕದ ಗಾಣದಿಂದ ಕಬ್ಬಿನ ಹಾಲಿಗೆ ಹಿಂಡಿದ ನಿಂಬೆಯ ವಾಸನೆ. ನನ್ನ ಮೂಗಿಗೆ ಬೇಸಿಗೆಯೆಂದರೆ ಇವತ್ತಿಗೂ ಅದೇ.

ಇದ್ದದ್ದು ಒಂದೇ ಕಂಪ್ಯೂಟರು. ಅಪ್ಪ ಊಟಕ್ಕೆ ಹೋದರೆ ಅದು ನಮ್ಮದು. ಇಂಟರ್ನೆಟ್ ನೋಡುವ ಬ್ರೌಸರಿನಲ್ಲಿ ಮೌಸಿನ ಬಾಣ ತೆಗೆದು ನಮಗೆ ಬೇಕಾದ ಚಿತ್ರ ಕೂರಿಸಬಹುದೆಂದು ಅಕ್ಕ ಕಂಡುಹಿಡಿದಿದ್ದಳು. ಒಂದು ದಿನ ಚಿಟ್ಟೆ, ಇನ್ನೊಂದು ದಿನ ಮೆಣಸಿನಕಾಯಿ. ಅಪ್ಪ ಅಕ್ಷರ ಜೋಡಿಸುವ ಕಡೆ ಮಾತ್ರ ಹಳೆಯ ಬಾಣವೇ ಇರುತ್ತಿದ್ದರಿಂದ ನಮ್ಮ ಆಟ ಅವರಿಗೆ ಗೊತ್ತಾಗಿರಲಿಲ್ಲ.

ಅವತ್ತು ಅಕ್ಕ ಹಲ್ಲಿ ಕೂರಿಸಿದ್ದಳು. ಬಾಲ ಸಮೇತ, ಥೇಟ್ ನಮ್ಮ ಅಡುಗೆಮನೆ ಹಲ್ಲಿ. ಅದನ್ನು ತೆಗೆಯುವ ಮೊದಲೇ ಕೊತ್ತತ್ತಿಯ ಅಜ್ಜಿಯೊಬ್ಬರು ಮೊಮ್ಮಗಳ ಮದುವೆ ಪತ್ರಿಕೆಗೆಂದು ಅವಳನ್ನೂ ಕರೆದುಕೊಂಡು ಬಂದರು. ಅವರ ಹಿಂದೆಯೇ ಬಂದ ಅಪ್ಪ, ಗಣೇಶನ ಚಿತ್ರ ಆರಿಸಿಕೊಳ್ಳಿ ಎಂದು ಬ್ರೌಸರ್ ತೆರೆದರು. ಹಲ್ಲಿ ಸರಸರ ಹೋಗಿ ಗಣೇಶನ ನೆತ್ತಿಯ ಮೇಲೆ ಕೂತಿತು.

"ಹಲ್ಲಿ ಬಿತ್ತಲ್ಲಪ್ಪ ದೇವ್ರ ತಲೆ ಮ್ಯಾಲೆ," ಎಂದರು ಅಜ್ಜಿ.

"ನಿಜವಾದ್ದಲ್ಲ ಕಣಮ್ಮ, ಬರೀ ಚಿತ್ರ."

"ಗಣೇಸನೂ ಚಿತ್ರನೇ ತಾನೆ? ಅವ್ನಿಗೆ ಕೈ ಮುಗಿಯಾಕಿಲ್ವಾ?"

ಅಪ್ಪ ಮೌಸ್ ಸರಿಸಿ ಹಲ್ಲಿಯನ್ನು ಮೆಲ್ಲಗೆ ಗಣೇಶನ ತಲೆಯಿಂದ ಕೆಳಗಿಳಿಸಿದರು.

"ತಲೆ ಮ್ಯಾಲೆ ಬಿದ್ರೆ ತಲೆಗೆ ನೀರು ಬೀಳ್ಬೇಕು. ಇಲ್ಲಾಂದ್ರೆ ಈ ಮದ್ವೆನೇ ಬ್ಯಾಡ, ಬುಡು," ಎನ್ನುತ್ತ ಅಜ್ಜಿ ಕುಡಿಯುವ ನೀರಿನ ಚೊಂಬು ಎತ್ತಿಕೊಂಡು ಕಂಪ್ಯೂಟರಿನತ್ತ ನಡೆದೇಬಿಟ್ಟರು. ಮೊಮ್ಮಗಳ ಮುಖ ಇಷ್ಟೇ ಇಷ್ಟಾಯಿತು. ಆ ಬೇಸಿಗೆಯ ಅಷ್ಟೂ ಮದುವೆಗಳ ಪತ್ರಿಕೆಗಳು ಅದೇ ಕಂಪ್ಯೂಟರಿನೊಳಗಿದ್ದವು. ನೀರು ಬಿದ್ದರೆ ಅಂಗಡಿಯೇ ಮುಳುಗಿದಂತೆ.

ಅಪ್ಪ ಅಡ್ಡ ನಿಂತು, ಕನ್ನಡಕ ತೆಗೆದು, ತಲೆ ಬಗ್ಗಿಸಿದರು.

"ಇದನ್ನ ಆಡ್ಸೋನು ನಾನು ಕಣಮ್ಮ. ನನ್ ತಲೆಗೇ ಹಾಕಿ."

ಅಜ್ಜಿ ಅಪ್ಪನನ್ನು ಬಾಗಿಲಾಚೆ ಕೂರಿಸಿ, ಬೀದಿಯವರೆಲ್ಲ ನೋಡುತ್ತಿರುವಂತೆಯೇ ಚೊಂಬು ಬರಿದು ಮಾಡಿದರು. ತಮ್ಮ ಸೆರಗಿನಿಂದಲೇ ತಲೆ ಒರೆಸಿ, "ಆಯ್ತು ಮಗ, ಇನ್ನು ಅಚ್ಚಾಕು," ಎಂದರು. ಮೊಮ್ಮಗಳು ನಗು ತಡೆಯಲಾರದೆ ಗಾಣದತ್ತ ತಿರುಗಿಕೊಂಡಳು.

ಅವರು ಹೋದ ಮೇಲೆ ಅಪ್ಪ ನಮ್ಮನ್ನು ಕರೆದರು. ನಾವು ಏಟಿಗೆ ಸಿದ್ಧರಾಗಿಯೇ ಹೋದೆವು. "ನಾಳೆ ನವಿಲು ಹಾಕ್ರಮ್ಮ, ಅದು ಶುಭ," ಎಂದರು, ಅಷ್ಟೇ. ಅವರ ಮೇಲೆ ಅವತ್ತು ಉಕ್ಕಿದ ಪ್ರೀತಿಯನ್ನು ಹೇಗೆ ಹೇಳಲಿ.

ಈಗ ಆ ಅಂಗಡಿಯಿಲ್ಲ. ಪತ್ರಿಕೆಗಳನ್ನು ನಾನೇ ಮನೆಯಲ್ಲಿ ಕೂತು ಮಾಡಿ ಫೋನಿಗೆ ಕಳಿಸುತ್ತೇನೆ. ಫೋನಿನಲ್ಲಿ ಬಾಣವೂ ಇಲ್ಲ, ಚಿಟ್ಟೆಯೂ ಇಲ್ಲ. ಗಿರಾಕಿಗಳ ಮುಖವನ್ನಂತೂ ನಾನು ಕಂಡೇ ಇಲ್ಲ. ಮೊನ್ನೆ ಯಾರಿಗೋ ನನ್ನ ಕೆಲಸ ಹಿಡಿಸಲಿಲ್ಲ. ಐದರಲ್ಲಿ ಒಂದೇ ನಕ್ಷತ್ರ ಒತ್ತಿ ಹೊರಟುಹೋದರು. ಏನು ತಪ್ಪಾಯಿತೆಂದು ಕೇಳೋಣವೆಂದರೆ ಉತ್ತರ ಕೊಡುವವರಿಲ್ಲ. ತಲೆ ಬಗ್ಗಿಸಲು ನಾನೂ ಸಿದ್ಧಳೇ. ನೀರು ಹಾಕಿ ಒರೆಸುವವರು ಎದುರಿಗೆ ಬರಬೇಕಲ್ಲ.