ಗಾಳಿಗುಡ್ಡದಲ್ಲಿ ಕೆಡಿಸಿದ ಗೇಮ್ ಪೆಟ್ಟಿಗೆ

ಎರಡು ಸಾವಿರದ ಒಂಬತ್ತರಲ್ಲಿ ಚಿತ್ರದುರ್ಗದ ಸಂತೇಪೇಟೆ ಹತ್ತಿರ ನನ್ನದೊಂದು ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿ ಇತ್ತು. ರೇಡಿಯೋದಿಂದ ಶುರುಮಾಡಿ ಟೇಪ್ ರೆಕಾರ್ಡರ್, ಕಲರ್ ಟಿವಿ, ಸಿಡಿ ಪ್ಲೇಯರ್ ಅಂತ ಬಿಚ್ಚಿ ಕಟ್ಟುತ್ತ ಇಪ್ಪತ್ತೆರಡು ವರ್ಷ ಕಳೆದಿದ್ದವು. ಹೊಳಲ್ಕೆರೆ, ಹಿರಿಯೂರು, ಹೊಸದುರ್ಗದಿಂದಲೂ ಕೆಟ್ಟ ಸೆಟ್ಟುಗಳು ಬಸ್ಸೇರಿ ನನ್ನ ಮೇಜಿಗೆ ಬರುತ್ತಿದ್ದವು. ಮಂಜಣ್ಣನ ಕೈಗೆ ಹೋದದ್ದು ಸರಿಯಾಗಿಯೇ ಬರುತ್ತದೆ ಎಂಬ ಹೆಸರಿತ್ತು, ಆ ಹೆಸರಿನ ಜಂಬವೂ ನನಗೆ ಬೇಕಾದಷ್ಟಿತ್ತು. ಈಗ ಅಂಗಡಿ ಮುಚ್ಚಿ ಮನೆಯಲ್ಲಿದ್ದೇನೆ. ಮಧ್ಯಾಹ್ನ ಊಟವಾದ ಮೇಲೆ ಕಣ್ಣು ಎಳೆಯುವಾಗ, ಸರಿಮಾಡಿದ ಸೆಟ್ಟುಗಳು ಒಂದೂ ನೆನಪಿಗೆ ಬರುವುದಿಲ್ಲ. ನಾನೇ ಕೈಯಾರೆ ಕೆಡಿಸಿದ ಒಂದು ಬಿಳಿ ಪೆಟ್ಟಿಗೆ ಬರುತ್ತದೆ.

ಅದನ್ನು ತಂದವಳು ಹೊಳಲ್ಕೆರೆಯ ಹೈಸ್ಕೂಲು ಟೀಚರ್ ಸುಜಾತ. ಅವಳ ತಂದೆ ರುದ್ರಪ್ಪನವರು ನಿವೃತ್ತ ಲೈನ್‌ಮನ್. ಬಿ.ದುರ್ಗದ ಸುತ್ತಮುತ್ತ ಮೂವತ್ತೊಂದು ವರ್ಷ ಕಂಬ ಹತ್ತಿದವರು. ಒಂದೂವರೆ ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತ್ತು. ದಾವಣಗೆರೆಯಲ್ಲಿ ಕೈಗೆ ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿಸ್ಟ್ ಒಬ್ಬರ ಹತ್ತಿರ ಒಂದು ವಿಡಿಯೋ ಗೇಮ್ ಕನ್ಸೋಲ್ ಇತ್ತಂತೆ. ಟಿವಿಗೆ ಸಿಕ್ಕಿಸುವ ಪೆಟ್ಟಿಗೆ ಅದು. ಕೈಯಲ್ಲಿ ಒಂದು ಕಡ್ಡಿ ಹಿಡಿದು ಬೀಸಿದರೆ ಪರದೆಯ ಮೇಲೆ ಚೆಂಡು ಉರುಳಿ ಹತ್ತು ಗೂಟಗಳನ್ನು ಬೀಳಿಸುತ್ತದೆ. ಯಾವ ವ್ಯಾಯಾಮಕ್ಕೂ ಒಪ್ಪದ ಮುದುಕರು ಈ ಆಟಕ್ಕೆ ಮಾತ್ರ ಒಪ್ಪಿದರು. ಮಗಳು ಅಂಥದ್ದೇ ಒಂದು ಸೆಕೆಂಡ್ ಹ್ಯಾಂಡ್ ಪೆಟ್ಟಿಗೆ ಹುಡುಕಿ ತಂದಳು. ದಿನಾ ಬೆಳಿಗ್ಗೆ ಆಡುತ್ತ ಆಡುತ್ತ, ಎರಡು ಗೂಟ ಬೀಳಿಸುತ್ತಿದ್ದವರು ಆರೇಳಕ್ಕೆ ಬಂದಿದ್ದರು.

ಒಂದು ದಿನ ಪೆಟ್ಟಿಗೆ ಇಂಟರ್ನೆಟ್ಟಿಗೆ ಸೇರಿದ್ದಾಗ ‘ಅಪ್‌ಡೇಟ್ ಮಾಡಲೇ’ ಎಂದು ಕೇಳಿತು. ಸುಜಾತ ಹೂಂ ಅಂದಳು. ಮಾರನೇ ದಿನದಿಂದ ತಂದೆ ಎಷ್ಟು ಬೀಸಿದರೂ ಚೆಂಡು ಕೈ ಬಿಡಲಿಲ್ಲ.

“ಕೈ ಹೋತು ಅಂತ ಕಡ್ಡಿ ಕೆಳಗಿಟ್ರು ಅಣ್ಣ. ಮೂರು ವಾರ ಆತು, ಮುಟ್ಟಿಲ್ಲ. ಊಟನೂ ಎಡಗೈಲೇ. ಮಿಷನ್ನಿಂದೇ ತಪ್ಪು ಅಂದ್ರೆ ನಂಬಲ್ಲ. ಮಿಷನ್ ಸುಳ್ಳು ಹೇಳಲ್ಲ ಅಂತಾರೆ. ಜೀವಮಾನ ಎಲ್ಲ ಮೀಟರ್ ನಂಬಿದೋರು.”

ನಾನೇ ಕಡ್ಡಿ ಹಿಡಿದು ಪರೀಕ್ಷೆ ಮಾಡಿದೆ. ಜೋರಾಗಿ ಬೀಸಿದರೆ ಚೆಂಡು ಹೋಗುತ್ತಿತ್ತು. ಮೆಲ್ಲಗೆ, ರುದ್ರಪ್ಪನವರ ಹಾಗೆ ಬೀಸಿದರೆ ಹೋಗುತ್ತಿರಲಿಲ್ಲ. ಹತ್ತು ಸಲ ಮಾಡಿದೆ, ಹತ್ತೂ ಸಲ ಹಾಗೇ ಆಯಿತು. ದೋಷ ಇದ್ದದ್ದು ಫರ್ಮ್‌ವೇರಿನಲ್ಲಿ. ಫರ್ಮ್‌ವೇರ್ ಎಂದರೆ ಯಂತ್ರ ಹೇಗೆ ನಡೆಯಬೇಕೆಂದು ಅದರೊಳಗೇ ಬರೆದಿಟ್ಟ ತಂತ್ರಾಂಶ. ಹಳೆಯದು ನಿಧಾನದ ಕೈಯನ್ನೂ ಲೆಕ್ಕಕ್ಕೆ ಹಿಡಿಯುತ್ತಿತ್ತು, ಹೊಸದು ಹಿಡಿಯುತ್ತಿರಲಿಲ್ಲ. ಸುಜಾತಳಿಗೆ ಇದನ್ನೆಲ್ಲ ವಿವರಿಸಿ, “ಡೌನ್‌ಗ್ರೇಡ್ ಮಾಡ್ತೀನಮ್ಮ, ಹೊಸದನ್ನ ತೆಗೆದು ಹಳೇದನ್ನೇ ಕೂರಿಸ್ತೀನಿ,” ಎಂದೆ. ಅವಳ ಮುಖ ಅರಳಿತು. ನನ್ನ ಜಂಬವೂ ಒಂದು ಗೇಣು ಉಬ್ಬಿತು.

ಕಂಪನಿಯವರು ಒಪ್ಪದ ಕೆಲಸ ಇದು. ಇಂಟರ್ನೆಟ್ಟಿನಲ್ಲಿ ತಡಕಾಡಿ ಹಳೆಯ ಫೈಲು ಸಂಪಾದಿಸಲು ಒಂದು ವಾರ ಹಿಡಿಯಿತು. ಅದನ್ನು ಮೆಮೊರಿ ಕಾರ್ಡಿಗೆ ಹಾಕಿ ಪೆಟ್ಟಿಗೆಗೆ ಕೊಟ್ಟರೆ ಬರೆದುಕೊಳ್ಳಲು ಸುಮಾರು ಹದಿನೈದು ನಿಮಿಷ ಬೇಕು. ಆ ಹದಿನೈದು ನಿಮಿಷದಲ್ಲಿ ಕರೆಂಟು ಒಂದು ಕ್ಷಣವೂ ಹೋಗಬಾರದು. ಹೋದರೆ ಹೊಸದೂ ಇಲ್ಲ, ಹಳೆಯದೂ ಇಲ್ಲ, ಪೆಟ್ಟಿಗೆ ಸತ್ತಂತೆ. ಆ ವರ್ಷ ಮಳೆ ಹಿಂದೇಟು ಹಾಕಿತ್ತು. ಊರಲ್ಲಿ ಕರೆಂಟು ಯಾವಾಗ ಬರುತ್ತೆ ಯಾವಾಗ ಹೋಗುತ್ತೆ ಎಂದು ಕರೆಂಟಿಗೇ ಗೊತ್ತಿರಲಿಲ್ಲ. ನನ್ನ ಅಂಗಡಿಯ ಯುಪಿಎಸ್ ಬ್ಯಾಟರಿ ಮೂರು ನಿಮಿಷಕ್ಕೆ ಕೀ ಎಂದು ಕೂಗಿ ಮಲಗುತ್ತಿತ್ತು.

ಆಗ ನನಗೆ ಗುಡ್ಡದ ಮೇಲಿನ ಗಾಳಿಯಂತ್ರಗಳು ಹೊಳೆದವು. ಅಂಗಡಿ ಮೆಟ್ಟಿಲಿಂದಲೇ ಕಾಣುತ್ತಿದ್ದವು, ಬೆಳಗಾದರೆ ತಿರುಗುತ್ತಿದ್ದವು. ಜತೆಗೆ ಓದಿದ ತಿಪ್ಪೇಸ್ವಾಮಿ ಅಲ್ಲಿ ಆಪರೇಟರ್. ಕರೆಂಟು ಹುಟ್ಟುವ ಜಾಗದಲ್ಲೇ ಕರೆಂಟು ಹೋಗುವುದುಂಟೇ? ಬಾವಿಕಟ್ಟೆಯಲ್ಲಿ ಕೂತವನಿಗೆ ಬಾಯಾರಿಕೆಯೇ? ನನ್ನ ಯೋಚನೆಗೆ ನಾನೇ ತಲೆದೂಗಿದೆ.

“ಬಾರ್ಲೇ ಮಂಜ, ಭಾನುವಾರ ಬಾ. ಗಾಳಿ ಚೆನ್ನಾಗೈತೆ,” ಎಂದ ತಿಪ್ಪೇಸ್ವಾಮಿ.

ತಂದೆಯನ್ನು ಒಬ್ಬರನ್ನೇ ಬಿಡಲಾಗದೆ ಸುಜಾತ ಅವರನ್ನೂ ಕರೆತಂದಳು. ಅಲ್ಲೇ ಮೊದಲ ಚೆಂಡು ಅವರ ಕೈಯಲ್ಲೇ ಬಿಡಿಸಬೇಕು ಎಂಬ ಆಸೆಯೂ ಇತ್ತು. ನನ್ನ ಹದಿನಾಲ್ಕು ಇಂಚಿನ ಟಿವಿಯನ್ನೂ ಬಾಡಿಗೆ ಜೀಪಿನಲ್ಲಿ ಹಾಕಿಕೊಂಡು ಮಧ್ಯಾಹ್ನ ಮೂರರ ಹೊತ್ತಿಗೆ ಗುಡ್ಡ ಹತ್ತಿದೆವು. ದಾರಿಯುದ್ದಕ್ಕೂ ನಾನು, ಸುಜಾತ ಇಬ್ಬರೇ ಮಾತಾಡಿದೆವು. ರುದ್ರಪ್ಪನವರು ಹಿಂದಿನ ಸೀಟಿನಲ್ಲಿ ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ತಂತಿಗಳನ್ನು ನೋಡುತ್ತ ಬಂದರು.

ಆಷಾಢದ ಗಾಳಿ. ಮೋಡಗಳು ತಲೆಗೆ ತಾಗುವಷ್ಟು ಕೆಳಗೆ ಹಾಯುತ್ತಿದ್ದವು. ರೆಕ್ಕೆಗಳು ಮೋಡದೊಳಗೆ ಹೋಗಿ ಮಾಯವಾಗಿ ಇನ್ನೊಂದು ಕಡೆ ಇಳಿಯುತ್ತಿದ್ದವು. ನೆರಳು ಹುಲ್ಲಿನ ಮೇಲೆ ಬಂದು, ಕಂಟ್ರೋಲ್ ರೂಮಿನ ಗೋಡೆ ಹತ್ತಿ, ಮತ್ತೆ ಇಳಿದು ಹೋಗುತ್ತಿತ್ತು. ಅಲ್ಲಿನ ಕಂಪ್ಯೂಟರಿಗೊಂದು ಯುಪಿಎಸ್ ಇತ್ತು. ಕೇಳಿದ್ದರೆ ತಿಪ್ಪೇಸ್ವಾಮಿ ಕೊಡುತ್ತಿದ್ದನೋ ಏನೋ, ನಾನು ಕೇಳಲೇ ಇಲ್ಲ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಶುರುಮಾಡಿದೆ.

ಪರದೆಯ ಮೇಲೆ ನೀಲಿ ಪಟ್ಟಿ ಇರುವೆ ನಡೆದ ಹಾಗೆ ಮುಂದೆ ಹೋಗುತ್ತಿತ್ತು. ಹೊರಗೆ ರೆಕ್ಕೆಗಳ ಹೂಂ, ಹೂಂ ಎಂಬ ಸದ್ದು. ಸುಜಾತ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ನನಗೆ ಎಚ್ಚರವೋ ನಿದ್ದೆಯೋ ತಿಳಿಯದ ಒಂದು ಸುಖ ಬಂದಿತ್ತು. ನಲವತ್ತು, ಐವತ್ತು, ಅರವತ್ತು ಪರ್ಸೆಂಟ್. ಅರವತ್ತೆಂಟು ಎಂದು ಓದಿದ್ದು ನೆನಪಿದೆ.

ಟಿವಿ ಕಪ್ಪಾಯಿತು. ಫ್ಯಾನು ನಿಂತಿತು. ಬಾಗಿಲಿಗೆ ಬಂದು ನೋಡಿದರೆ ಗಾಳಿ ಬೀಸುತ್ತಲೇ ಇತ್ತು, ಹುಲ್ಲು ನೆಲಕ್ಕೆ ಬಾಗುತ್ತಲೇ ಇತ್ತು, ಆದರೆ ಗುಡ್ಡದ ಸಾಲಿನ ಯಂತ್ರಗಳೆಲ್ಲ ಒಂದರ ಹಿಂದೊಂದು ನಿಧಾನವಾಗಿ ನಿಂತವು. ಅಷ್ಟು ಗಾಳಿಯಲ್ಲಿ ಅಷ್ಟು ದೊಡ್ಡ ರೆಕ್ಕೆಗಳು ಸುಮ್ಮನೆ ನಿಂತದ್ದನ್ನು ನಾನು ಎಂದೂ ನೋಡಿರಲಿಲ್ಲ.

“ಲೈನ್ ಟ್ರಿಪ್ ಆತು,” ಎಂದು ತಿಪ್ಪೇಸ್ವಾಮಿ ಫೋನಿನ ಕಡೆ ಓಡಿದ.

“ಗಾಳಿ ಇಷ್ಟ್ ಬೀಸ್ತೈತಲ್ಲ, ಇವು ಯಾಕ್ ನಿಂತ್ವು?” ಎಂದೆ, ಯಾರಿಗೆಂದಿಲ್ಲದೆ.

ಉತ್ತರ ಬಂದದ್ದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ರುದ್ರಪ್ಪನವರಿಂದ. ಲಕ್ವದಿಂದ ಮಾತು ಸ್ವಲ್ಪ ತೊದಲುತ್ತಿತ್ತು. “ಇವು ಲೈನಿಂದ ಒಂದಿಷ್ಟು ಕರೆಂಟ್ ತಗಂಡೇ ಲೈನಿಗೆ ಕೊಡೋದಪ್ಪ. ಲೈನ್ ಹೋದ್ರೆ ಬ್ರೇಕ್ ಬೀಳ್ತೈತೆ.”

“ನಿಮಗೆ ಗೊತ್ತಿತ್ತಾ ಯಜಮಾನ್ರೆ?”

“ಗೊತ್ತಿತ್ತು.”

“ಮತ್ತೆ ಹೇಳ್ಲಿಲ್ವಲ್ಲ?”

“ಎಲ್ಲಿಗೆ ಹೋಗಾಣ, ಏನ್ ಮಾಡಾಣ ಅಂತ ನೀವಿಬ್ರೇ ಮಾತಾಡ್ಕಂಡ್ರಿ. ನನ್ನ ಯಾರ್ ಕೇಳಿದ್ರಪ್ಪ?”

ಮುಕ್ಕಾಲು ಗಂಟೆಯಾದ ಮೇಲೆ ಕರೆಂಟು ಬಂತು. ಪೆಟ್ಟಿಗೆಯ ದೀಪ ಹತ್ತಿತು, ಪರದೆ ಕಪ್ಪಾಗಿಯೇ ಉಳಿಯಿತು. ಏನೇನೋ ಮಾಡಿ ನೋಡಿ, ಕೊನೆಗೆ ಸುಜಾತಳಿಗೆ ನಿಜ ಹೇಳಿದೆ: ಇದು ಇನ್ನು ಏಳುವುದಿಲ್ಲ. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. “ಇನ್ನ ಅವರಿಗೆ ಹೆಂಗೆ ನಂಬಿಸ್ಲಿ ಅಣ್ಣ? ಮೆಲ್ಲಗೆ ಬೀಸಿದ್ರೆ ನಿಮ್ ಕೈಗೂ ಬರ್ಲಿಲ್ಲ ಅಂತ ತೋರ್ಸೋಕೆ ಇದ್ದದ್ದು ಅದೊಂದೇ.”

ರುದ್ರಪ್ಪನವರು ನನ್ನ ಕಡೆ ತಿರುಗಿದರು. “ಏನದು? ನಿನ್ ಕೈಗೂ ಬರ್ಲಿಲ್ವಾ?”

“ಇಲ್ಲ. ಹತ್ತು ಸಲ ಮಾಡ್ದೆ. ಮೆಲ್ಲಗೆ ಬೀಸಿದ್ರೆ ಒಂದ್ಸಲನೂ ಚೆಂಡು ಹೋಗ್ಲಿಲ್ಲ.”

“ಯಾವಾಗ ಟೆಸ್ಟ್ ಮಾಡ್ದೆ?”

“ಹನ್ನೆರಡು ದಿನ ಆತು.”

“ಯಾರಿಗ್ ಹೇಳ್ದೆ?”

“ನಿಮ್ ಮಗಳಿಗೆ.”

ಅವರು ಎಡಗೈಯಿಂದ ಬಲಗೈ ಮುಟ್ಟಿಕೊಂಡರು. ಸಿಟ್ಟಿರಲಿಲ್ಲ ಆ ಮುಖದಲ್ಲಿ. “ಕೈ ನಂದಲ್ವೇನಪ್ಪ,” ಎಂದರು.

ಮಗಳ ಮಾತನ್ನು ಅವರು ಸಮಾಧಾನದ ಮಾತೆಂದು ತಳ್ಳಿಹಾಕಿದ್ದರು. ಟೆಸ್ಟ್ ಮಾಡಿದ ಮೆಕ್ಯಾನಿಕ್ಕಿನ ಮಾತನ್ನು ಮೂವತ್ತೊಂದು ವರ್ಷದ ಲೈನ್‌ಮನ್ ಹಾಗೆ ತಳ್ಳುತ್ತಿರಲಿಲ್ಲ. ಅಂಗಡಿಯಿಂದ ಅವರಿಗೇ ಒಂದು ಫೋನು ಮಾಡಿದ್ದರೆ ಹನ್ನೆರಡು ದಿನದ ಹಿಂದೆಯೇ ಕೆಲಸ ಮುಗಿಯುತ್ತಿತ್ತು. ಹಳೆಯ ಫೈಲೂ ಬೇಕಿರಲಿಲ್ಲ, ಗುಡ್ಡವೂ ಬೇಕಿರಲಿಲ್ಲ. ನಾಚಿಕೆಯಿಂದ ನಾನು ಹೊರಗೆ ನೋಡುತ್ತ ನಿಂತೆ. ತಿಪ್ಪೇಸ್ವಾಮಿ ಯಂತ್ರಗಳನ್ನು ಒಂದೊಂದಾಗಿ ಬಿಡುತ್ತಿದ್ದ. ಮೊದಲು ತಲೆ ಗಾಳಿಯ ಕಡೆ ತಿರುಗುತ್ತಿತ್ತು, ಆಮೇಲೆ ರೆಕ್ಕೆ ಅಲುಗುತ್ತಿತ್ತು. ಪೂರ್ತಿ ವೇಗ ಬರಲು ಬಹಳ ಹೊತ್ತು ಹಿಡಿಯುತ್ತಿತ್ತು.

ಬೇರೆ ಪೆಟ್ಟಿಗೆ ತಂದುಕೊಡುತ್ತೇನೆಂದರೂ ರುದ್ರಪ್ಪನವರು ಒಪ್ಪಲಿಲ್ಲ. ಮರುದಿನದಿಂದ ನೀರು ತುಂಬಿದ ಚೊಂಬು ಹಿಡಿದು ಕೈ ಎತ್ತುತ್ತಿದ್ದಾರೆ ಎಂದು ಸುಜಾತ ಫೋನಿನಲ್ಲಿ ಹೇಳಿದಳು. ಕೈ ಪೂರ್ತಿ ಬರಲಿಲ್ಲ. ಆದರೆ ವರ್ಷ ತುಂಬುವುದರೊಳಗೆ ಅಂಗಿ ಗುಂಡಿ ತಾವೇ ಹಾಕಿಕೊಳ್ಳುತ್ತಿದ್ದರು, ಬಲಗೈಯಲ್ಲೇ ಉಣ್ಣುತ್ತಿದ್ದರು.

ಆಮೇಲೂ ಹಲವು ವರ್ಷ ಅಂಗಡಿ ನಡೆಸಿದೆ. ಸೆಟ್ಟು ಹೊತ್ತು ತಂದವರ ಮಾತಷ್ಟೇ ಕೇಳಿ ಸ್ಕ್ರೂ ಬಿಚ್ಚುವುದನ್ನು ಬಿಟ್ಟೆ. ಇದನ್ನು ದಿನಾ ಬಳಸುವವರು ಯಾರು, ಅವರನ್ನು ಕರೀರಿ, ಇಲ್ಲಾ ಫೋನ್ ಕೊಡ್ರಿ ಎನ್ನುತ್ತಿದ್ದೆ. ಕಾಯಿಲೆಯವರು, ವಯಸ್ಸಾದವರು, ಅವರಿಗೇನು ತಿಳಿಯುತ್ತದೆ ಎಂದು ಗಿರಾಕಿಗಳು ಗೊಣಗುತ್ತಿದ್ದರು. ನಾನು ಕಾಯುತ್ತಿದ್ದೆ. ಯಂತ್ರದ ದೋಷ ಹುಡುಕುವುದನ್ನು ಇಪ್ಪತ್ತೆರಡು ವರ್ಷದಲ್ಲಿ ಕಲಿತಿದ್ದೆ. ಹುಡುಕಿದ ಮೇಲೆ ಅದನ್ನು ಯಾರಿಗೆ ಹೇಳಬೇಕು ಎಂಬುದನ್ನು ರುದ್ರಪ್ಪನವರಿಂದ ಒಂದೇ ಮಧ್ಯಾಹ್ನದಲ್ಲಿ ಕಲಿತೆ.